ಒಬ್ಬರ ಪರವಾಗಿ ಇನ್ನೊಬ್ಬರು: ವ್ಯಾಪಾರದಲ್ಲಿ ಯಜಮಾನ ಮತ್ತು ಪ್ರತಿನಿಧಿ

ಅಕ್ಕಲಕೋಟ ತಾಲೂಕಿನ ರೈತನು ಬೆಳೆದ ಉಳ್ಳಾಗಡ್ಡಿಯನ್ನು ಸೊಲ್ಲಾಪುರದ ಬಾಜಾರಿನಲ್ಲಿ ಮಾರುವವನು ರೈತನಲ್ಲ, ಅಡತಿ ಅಂಗಡಿಯವನು. ಸೊಲ್ಲಾಪುರದ ಮಗ್ಗದಲ್ಲಿ ನೆಯ್ದ ಚಾದರುಗಳನ್ನು ದೂರದ ಊರುಗಳ ಅಂಗಡಿಗಳಿಗೆ ಒಪ್ಪಿಸಿ, ಹಣ ವಸೂಲು ಮಾಡಿ ತರುವವನು ಮಗ್ಗದ ಒಡೆಯನಲ್ಲ, ಅವನ ಏಜೆಂಟ. ಪುಣೆ, ಮುಂಬಯಿಗಳಲ್ಲಿ ನೌಕರಿ ಹಿಡಿದವರ ಪಾಲಿನ ಹೊಲಮನೆಗಳನ್ನು ನೋಡಿಕೊಳ್ಳುವವರು ಊರಿನಲ್ಲಿ ಉಳಿದ ಕಾಕಾ ಅಥವಾ ಅಣ್ಣ. ಹೀಗೆ ನಮ್ಮ ವ್ಯವಹಾರದ ಬಹುಭಾಗವು ಒಬ್ಬರ ಪರವಾಗಿ ಇನ್ನೊಬ್ಬರು ಆಡಿದ ಮಾತಿನ ಮೇಲೆ ಮತ್ತು ಹಾಕಿದ ಸಹಿಯ ಮೇಲೆ ನಡೆಯುತ್ತದೆ. ಈ ಸಂಬಂಧಕ್ಕೆ ಒಂದು ಕಾಯಿದೆಯಿದೆ. ಅದು ನೂರೈವತ್ತು ವರ್ಷಗಳಿಗೂ ಹಳೆಯದು, ಬಹುಮಟ್ಟಿಗೆ ಸರಳವಾದುದು. ಆದರೂ ಅದನ್ನು ಬಲ್ಲವರು ನಮ್ಮಲ್ಲಿ ವಿರಳ.

ನಮ್ಮ ಕನ್ನಡ ಶಾಲೆಯಲ್ಲಿ ಓದಿ ಹೊರಬಂದವರಲ್ಲಿ ರೈತರಿದ್ದಾರೆ, ನೇಕಾರರಿದ್ದಾರೆ, ಅಡತಿ ವ್ಯಾಪಾರಿಗಳೂ ಇದ್ದಾರೆ. ಆದುದರಿಂದ ಈ ಲೇಖನವು ಯಾವ ಒಂದು ಪಕ್ಷದ ವಕಾಲತ್ತೂ ಅಲ್ಲ. ಇಬ್ಬರಿಗೂ ಸಮಾನವಾಗಿ ಅನ್ವಯಿಸುವ ಎರಡು ತತ್ತ್ವಗಳನ್ನು ಉದಾಹರಣೆಗಳ ಮೂಲಕ ವಿವರಿಸುವುದಷ್ಟೇ ಇದರ ಉದ್ದೇಶ. ಮೊದಲನೆಯದು: ಪ್ರತಿನಿಧಿಯು ಎಷ್ಟೇ ದೊಡ್ಡವನಾಗಿರಲಿ ಅವನು ಪ್ರತಿನಿಧಿಯೇ; ಯಜಮಾನನು ಎಷ್ಟೇ ಸಣ್ಣವನಾಗಿರಲಿ ಲೆಕ್ಕ ಕೇಳುವ ಹಕ್ಕು ಅವನದೇ. ಎರಡನೆಯದು: ತನ್ನ ಪ್ರತಿನಿಧಿ ಯಾರೆಂದು ಜಗತ್ತಿಗೆ ತೋರಿಸಿದ ಯಜಮಾನನು ಆ ತೋರಿಕೆಗೆ ತಾನೇ ಹೊಣೆಗಾರನು.

ಯಜಮಾನನಾರು, ಪ್ರತಿನಿಧಿಯಾರು?

1872ರ ಭಾರತೀಯ ಕರಾರು ಕಾಯಿದೆಯ ಹತ್ತನೆಯ ಅಧ್ಯಾಯವು, ಅಂದರೆ 182ರಿಂದ 238ರವರೆಗಿನ ಕಲಮುಗಳು, ಈ ವಿಷಯಕ್ಕೆ ಮೀಸಲಾಗಿವೆ. ಇನ್ನೊಬ್ಬನ ಪರವಾಗಿ ಒಂದು ಕೆಲಸ ಮಾಡಲು ಅಥವಾ ಮೂರನೆಯವರೊಡನೆ ವ್ಯವಹರಿಸಲು ನೇಮಕಗೊಂಡವನು ಏಜೆಂಟ. ಯಾರ ಪರವಾಗಿ ಆ ಕೆಲಸ ನಡೆಯುತ್ತದೆಯೋ ಅವನು ಪ್ರಿನ್ಸಿಪಲ್. ಈ ಲೇಖನದಲ್ಲಿ ಇವರನ್ನು ಪ್ರತಿನಿಧಿ ಮತ್ತು ಯಜಮಾನ ಎಂದು ಕರೆಯೋಣ.

ಯಜಮಾನನಾಗಲು ಪ್ರಾಯಕ್ಕೆ ಬಂದಿರಬೇಕು, ಸ್ವಸ್ಥಚಿತ್ತನಾಗಿರಬೇಕು. ಪ್ರತಿನಿಧಿಗೆ ಈ ನಿರ್ಬಂಧವಿಲ್ಲ. ತಂದೆಯ ಅಂಗಡಿಯ ಗಲ್ಲೆಯ ಮೇಲೆ ಕುಳಿತ ಹದಿನಾರು ವರ್ಷದ ಹುಡುಗನು ಮಾರಿದ ಮಾಲಿಗೆ ತಂದೆ ಬದ್ಧನಾಗುತ್ತಾನೆ. ಆದರೆ ಆ ಹುಡುಗನು ಮಾಡಿದ ತಪ್ಪಿಗಾಗಿ ಯಜಮಾನನು ಅವನಿಂದ ನಷ್ಟ ತುಂಬಿಸಿಕೊಳ್ಳಲಾರನು. ಎಳೆಯರ ಕೈಗೆ ವ್ಯವಹಾರ ಒಪ್ಪಿಸುವವರು ಈ ಅಂಶವನ್ನು ಗಮನದಲ್ಲಿಡಬೇಕು.

ಇನ್ನೊಂದು ಮುಖ್ಯ ಮಾತು 185ನೆಯ ಕಲಮಿನಲ್ಲಿದೆ. ಪ್ರತಿನಿಧಿಯನ್ನು ನೇಮಿಸಲು ಪ್ರತಿಫಲ ಕೊಡಲೇಬೇಕೆಂದಿಲ್ಲ. ಬಿಡಿಗಾಸೂ ಪಡೆಯದೆ ತಮ್ಮನ ಹೊಲದ ಬೆಳೆ ಮಾರಿಕೊಡುವ ಅಣ್ಣನೂ ಕಾನೂನಿನ ದೃಷ್ಟಿಯಲ್ಲಿ ಪ್ರತಿನಿಧಿಯೇ ಆಗುತ್ತಾನೆ. ‘ನಾನೇನು ಸಂಬಳ ತೆಗೆದುಕೊಂಡೆನೆ?’ ಎಂಬ ಪ್ರಶ್ನೆಯು ಲೆಕ್ಕ ಕೊಡದಿರಲು ಕಾರಣವಾಗುವುದಿಲ್ಲ.

ಹಾಗೆಂದು ಫಲಕದ ಮೇಲೆ ‘ಏಜೆನ್ಸಿ’ ಎಂದು ಬರೆಸಿದವರೆಲ್ಲರೂ ಪ್ರತಿನಿಧಿಗಳಲ್ಲ. ಕಂಪನಿಯ ಮಾಲನ್ನು ತನ್ನ ಹಣದಿಂದ ಕೊಂಡು, ತನ್ನದೇ ಲಾಭನಷ್ಟದ ಮೇಲೆ ಮಾರುವವನು ಬರಿಯ ವ್ಯಾಪಾರಿ. ಹೆಸರಿಗಿಂತ ವ್ಯವಹಾರದ ಸ್ವರೂಪವೇ ಮುಖ್ಯ. ಮಾಲು ಯಾರದು, ನಷ್ಟವಾದರೆ ಯಾರಿಗೆ, ಮಾರಿದ ಹಣ ಯಾರಿಗೆ ಸೇರಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಉತ್ತರ ತಾನಾಗಿ ಹೊಳೆಯುತ್ತದೆ.

ಅಧಿಕಾರವು ಹುಟ್ಟುವ ಬಗೆ

ಪ್ರತಿನಿಧಿಗೆ ಅಧಿಕಾರವನ್ನು ಬರೆದು ಕೊಡಬಹುದು, ಬಾಯಿಮಾತಿನಿಂದಲೂ ಕೊಡಬಹುದು. ಇವೆರಡೂ ಇಲ್ಲದೆ ನಡವಳಿಕೆಯಿಂದಲೇ ಅಧಿಕಾರ ಹುಟ್ಟುವುದುಂಟು. ಇದಕ್ಕೆ ಕಾಯಿದೆಯೇ ಒಂದು ದೃಷ್ಟಾಂತವನ್ನು ಕೊಟ್ಟಿದೆ. ಒಬ್ಬನು ಕಲಕತ್ತೆಯಲ್ಲಿ ವಾಸವಾಗಿದ್ದಾನೆ. ಅವನ ಅಂಗಡಿ ಶ್ರೀರಾಮಪುರದಲ್ಲಿದೆ. ಅಂಗಡಿ ನಡೆಸುವ ಇನ್ನೊಬ್ಬನು ಮಾಲೀಕನ ಹೆಸರಿನಲ್ಲಿ ಮಾಲು ತರಿಸುತ್ತಾನೆ, ಮಾಲೀಕನ ಹಣದಿಂದಲೇ ಬೆಲೆ ತೆರುತ್ತಾನೆ, ಇದೆಲ್ಲವೂ ಮಾಲೀಕನಿಗೆ ಗೊತ್ತಿದೆ. ಹೀಗಿರುವಾಗ ಒಂದು ಚೀಟಿಯನ್ನೂ ಬರೆದುಕೊಟ್ಟಿರದಿದ್ದರೂ, ಮಾಲು ತರಿಸುವ ಅಧಿಕಾರವನ್ನು ಮಾಲೀಕನು ಕೊಟ್ಟಂತೆಯೇ ಆಯಿತು. ಊರುಗಳ ಹೆಸರನ್ನು ಬದಲಿಸಿ ಸೊಲ್ಲಾಪುರ, ಅಕ್ಕಲಕೋಟವೆಂದು ಓದಿದರೆ ಈ ದೃಷ್ಟಾಂತವು ನಮ್ಮ ಎಷ್ಟೋ ಮನೆತನಗಳ ವ್ಯಾಪಾರಕ್ಕೆ ಹೊಂದುತ್ತದೆ.

ಒಂದು ಕೆಲಸಕ್ಕೆ ಅಧಿಕಾರ ಕೊಟ್ಟರೆ, ಅದನ್ನು ಪೂರೈಸಲು ಅವಶ್ಯವಾದ ಎಲ್ಲ ನ್ಯಾಯಸಮ್ಮತ ಕ್ರಮಗಳಿಗೂ ಅಧಿಕಾರ ಕೊಟ್ಟಂತೆ. ಆಪತ್ಕಾಲದಲ್ಲಿ ಈ ಅಧಿಕಾರವು ಇನ್ನಷ್ಟು ವಿಸ್ತಾರಗೊಳ್ಳುತ್ತದೆ. ಕಲಕತ್ತೆಗೆ ಬಂದ ಆಹಾರಪದಾರ್ಥವನ್ನು ಕಟಕಕ್ಕೆ ಕಳುಹಿಸಬೇಕೆಂದು ಯಜಮಾನನ ಆಜ್ಞೆಯಿದ್ದರೂ, ದಾರಿಯಲ್ಲಿ ಅದು ಕೆಟ್ಟುಹೋಗುವಂತಿದ್ದರೆ ಪ್ರತಿನಿಧಿಯು ಅಲ್ಲಿಯೇ ಮಾರಿಬಿಡಬಹುದೆಂದು ಕಾಯಿದೆ ಹೇಳುತ್ತದೆ. ಮಳೆಗೆ ನೆನೆದ ಉಳ್ಳಾಗಡ್ಡಿಗೂ ಇದೇ ನ್ಯಾಯ. ತನ್ನ ಸ್ವಂತ ಮಾಲಾಗಿದ್ದರೆ ವಿವೇಕಿಯಾದವನು ಏನು ಮಾಡುತ್ತಿದ್ದನೋ ಅದನ್ನು ಪ್ರತಿನಿಧಿಯು ಮಾಡಬಹುದು.

ಅಡತಿ ಅಂಗಡಿಯ ಪಟ್ಟಿ

ಸೊಲ್ಲಾಪುರದ ಶ್ರೀ ಸಿದ್ಧೇಶ್ವರ ಕೃಷಿ ಉತ್ಪನ್ನ ಬಾಜಾರ ಸಮಿತಿಯ ಪ್ರಾಂಗಣಕ್ಕೆ ನಮ್ಮ ಜಿಲ್ಲೆಯ ಹಳ್ಳಿಗಳಿಂದಲ್ಲದೆ ಗಡಿಯಾಚೆಯ ಕಲಬುರಗಿ, ವಿಜಯಪುರ ಜಿಲ್ಲೆಗಳಿಂದಲೂ ಉಳ್ಳಾಗಡ್ಡಿ ಬರುತ್ತದೆ. ದುಧನಿಯ ಬಾಜಾರಿಗೆ ತೊಗರಿ ಬರುತ್ತದೆ. ರೈತನು ಮಾಲನ್ನು ಅಡತಿ ಅಂಗಡಿಗೆ ಇಳಿಸುತ್ತಾನೆ, ಲಿಲಾವು ನಡೆಯುತ್ತದೆ, ತೂಕವಾಗುತ್ತದೆ, ಕೊನೆಗೆ ರೈತನ ಕೈಗೆ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿಯು ಕಾನೂನಿನ ಭಾಷೆಯಲ್ಲಿ ಪ್ರತಿನಿಧಿಯು ಯಜಮಾನನಿಗೆ ಒಪ್ಪಿಸಿದ ಲೆಕ್ಕಪತ್ರ.

2023ರ ಫೆಬ್ರುವರಿಯಲ್ಲಿ ಇಂತಹ ಒಂದು ಪಟ್ಟಿಯು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಬಾರ್ಶಿ ತಾಲೂಕಿನ ಒಬ್ಬ ರೈತನು ಸೊಲ್ಲಾಪುರದ ಬಾಜಾರಿಗೆ 512 ಕಿಲೋ ಉಳ್ಳಾಗಡ್ಡಿಯನ್ನು ತಂದಿದ್ದನು. ಕಿಲೋ ಒಂದಕ್ಕೆ ಒಂದು ರೂಪಾಯಿಯ ದರ ಸಿಕ್ಕಿತು. ಸಾಗಾಣಿಕೆ, ಹಮಾಲಿ, ತೂಕದ ಖರ್ಚುಗಳನ್ನು ಕಳೆದ ಮೇಲೆ ಪಟ್ಟಿಯ ಕೊನೆಯ ಸಾಲಿನಲ್ಲಿ ಉಳಿದದ್ದು 2 ರೂಪಾಯಿ 49 ಪೈಸೆ. ಅವನಿಗೆ ದೊರೆತದ್ದು ಮುಂದಿನ ತಾರೀಖು ಹಾಕಿದ ಎರಡು ರೂಪಾಯಿಯ ಚೆಕ್ಕು.

ಬೆಲೆಯ ಕುಸಿತವನ್ನು ಕರಾರು ಕಾಯಿದೆಯು ತಡೆಯಲಾರದು. ಆದರೆ ಆ ಪಟ್ಟಿಯ ಒಂದೊಂದು ಸಾಲಿನ ಬಗೆಗೂ ಕಾಯಿದೆಗೆ ಹೇಳುವ ಮಾತಿದೆ. ಅಡತಿಯವನು ಯಜಮಾನನ ಆಜ್ಞೆಯಂತೆ ನಡೆಯಬೇಕು. ಆಜ್ಞೆಯಿಲ್ಲದಿದ್ದಲ್ಲಿ ಆ ಬಾಜಾರಿನ ರೂಢಿಯಂತೆ ನಡೆಯಬೇಕು. ಆ ವೃತ್ತಿಯವರಲ್ಲಿ ಸಾಮಾನ್ಯವಾಗಿರುವ ಕುಶಲತೆ ಮತ್ತು ಎಚ್ಚರವನ್ನು ತೋರಿಸಬೇಕು. ಉದ್ದರಿ ಮಾರುವ ಅಧಿಕಾರವಿದ್ದರೂ, ಕೊಳ್ಳುವವನ ಯೋಗ್ಯತೆಯನ್ನು ವಿಚಾರಿಸದೆ ಮಾಲು ಕೊಟ್ಟು, ಅವನು ದಿವಾಳಿಯಾದರೆ, ಆ ನಷ್ಟವನ್ನು ಪ್ರತಿನಿಧಿಯೇ ತುಂಬಿಕೊಡಬೇಕೆಂಬುದು 212ನೆಯ ಕಲಮಿನ ದೃಷ್ಟಾಂತ. ಕೇಳಿದಾಗ ಸರಿಯಾದ ಲೆಕ್ಕ ಕೊಡಬೇಕೆಂಬುದು 213ನೆಯ ಕಲಮು. ತಾನು ಮುಂಗಡವಾಗಿ ಮಾಡಿದ ಖರ್ಚನ್ನೂ ತನಗೆ ಸಲ್ಲಬೇಕಾದ ಹಣವನ್ನೂ ಹಿಡಿದುಕೊಂಡು ಉಳಿದದ್ದನ್ನು ಯಜಮಾನನಿಗೆ ಒಪ್ಪಿಸಬೇಕೆಂಬುದು 217 ಮತ್ತು 218ನೆಯ ಕಲಮುಗಳು. ಹಿಡಿದುಕೊಳ್ಳಬಹುದಾದುದು ನ್ಯಾಯವಾಗಿ ಆದ ಖರ್ಚು ಮಾತ್ರ. ಆದುದರಿಂದ ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು, ಸಾಗಾಣಿಕೆಗೆ ರಸೀದಿಯಿದೆಯೇ ಎಂದು ಕೇಳುವುದು ರೈತನ ಉದ್ಧಟತನವಾಗುವುದಿಲ್ಲ. ಅದು ಯಜಮಾನನ ಹಕ್ಕು.

ಅತ್ಯಂತ ಕಟ್ಟುನಿಟ್ಟಾದ ನಿಯಮವು 215 ಮತ್ತು 216ನೆಯ ಕಲಮುಗಳಲ್ಲಿದೆ. ಯಜಮಾನನ ಮಾಲನ್ನು ಪ್ರತಿನಿಧಿಯು ಅವನಿಗೆ ತಿಳಿಸದೆ ತಾನೇ ಕೊಳ್ಳಬಾರದು. ತನ್ನವನೊಬ್ಬನ ಹೆಸರಿನಲ್ಲಿಯೂ ಕೊಳ್ಳಬಾರದು. ಹಾಗೆ ಮಾಡಿ ಮುಖ್ಯ ಸಂಗತಿಯನ್ನು ಬಚ್ಚಿಟ್ಟದ್ದು ತಿಳಿದುಬಂದರೆ ಯಜಮಾನನು ಆ ವ್ಯವಹಾರವನ್ನೇ ತಳ್ಳಿಹಾಕಬಹುದು, ಪ್ರತಿನಿಧಿಗೆ ಅದರಿಂದ ಆದ ಲಾಭವನ್ನೂ ಕೇಳಬಹುದು. ತನಗೆ ಒಪ್ಪಿಸಿದ ಹಣವನ್ನು ಅಪ್ರಾಮಾಣಿಕತೆಯಿಂದ ನುಂಗಿದರೆ ಅದು ಬರಿಯ ದಿವಾಣಿ ದಾವೆಗೆ ನಿಲ್ಲುವುದಿಲ್ಲ. ವ್ಯಾಪಾರಿ ಅಥವಾ ಏಜೆಂಟನು ಮಾಡಿದ ವಿಶ್ವಾಸದ್ರೋಹಕ್ಕೆ ಹಿಂದೆ ದಂಡ ಸಂಹಿತೆಯ 409ನೆಯ ಕಲಮಿನಲ್ಲಿ ಕಠಿಣ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮು ಅದರ ಸ್ಥಾನದಲ್ಲಿದೆ.

ಇಲ್ಲಿ ಒಂದು ಸಂದೇಹ ಏಳಬಹುದು. 2016ರಲ್ಲಿ ಮಹಾರಾಷ್ಟ್ರ ಸರಕಾರವು ಹಣ್ಣು ಮತ್ತು ತರಕಾರಿಗಳ ಅಡತಿಯನ್ನು ರೈತನಿಂದಲ್ಲ, ಖರೀದಿದಾರನಿಂದ ವಸೂಲು ಮಾಡಬೇಕೆಂದು ಗೊತ್ತುಪಡಿಸಿತು. ಹಾಗಾದರೆ ಅಡತಿಯವನು ಖರೀದಿದಾರನ ಪ್ರತಿನಿಧಿಯಾದನೇ? ಇಲ್ಲ. ಪ್ರತಿನಿಧಿತ್ವಕ್ಕೆ ಪ್ರತಿಫಲವೇ ಬೇಕಾಗಿಲ್ಲವೆಂದು 185ನೆಯ ಕಲಮು ಹೇಳುತ್ತದೆಯೆಂಬುದನ್ನು ಆಗಲೇ ಕಂಡೆವು. ಕೂಲಿ ಕೊಟ್ಟವರು ಯಾರು ಎಂಬುದರಿಂದ ಸಂಬಂಧವು ನಿರ್ಣಯವಾಗುವುದಿಲ್ಲ. ಯಾರ ಮಾಲನ್ನು ಯಾರ ಪರವಾಗಿ ಮಾರಿದನು ಎಂಬುದರಿಂದ ನಿರ್ಣಯವಾಗುತ್ತದೆ. ಮಾಲು ರೈತನದು, ಲೆಕ್ಕವೂ ರೈತನಿಗೇ ಸಲ್ಲಬೇಕು.

ಎಲ್ಲ ಅಡತಿಯೂ ಒಂದೇ ಬಗೆಯದಲ್ಲವೆಂಬುದನ್ನೂ ಹೇಳಬೇಕು. ಕಚ್ಚಾ ಅಡತಿಯವನು ಕೇವಲ ಮಧ್ಯಸ್ಥನಾಗಿ ಮಾಲು ಮಾರಿಸುತ್ತಾನೆ. ಪಕ್ಕಾ ಅಡತಿಯವನು ತನ್ನ ಗಿರಾಕಿಗೆ ತಾನೇ ದರದ ಮತ್ತು ಹಣದ ಹೊಣೆ ಹೊರುತ್ತಾನೆ. ಇಂತಹ ವ್ಯವಹಾರದಲ್ಲಿ ಅವನು ಗಿರಾಕಿಯ ಎದುರು ಸ್ವತಃ ಪಕ್ಷಗಾರನಾಗುತ್ತಾನೆಂದು ಮುಂಬಯಿ ಉಚ್ಚ ನ್ಯಾಯಾಲಯವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಒಪ್ಪಿಕೊಂಡಿದೆ. ವ್ಯವಹಾರ ಯಾವ ಬಗೆಯದೆಂಬುದನ್ನು ಮಾಲು ಇಳಿಸುವ ಮೊದಲೇ ಕೇಳಿಕೊಳ್ಳುವುದು ಲೇಸು.

ಮುಂಗಡದ ತೊಡಕು

ಬಿತ್ತನೆಯ ಕಾಲಕ್ಕೆ ಅಡತಿ ಅಂಗಡಿಯಿಂದ ಮುಂಗಡ ತೆಗೆದುಕೊಳ್ಳುವ ರೂಢಿ ಹಳೆಯದು. ಯಜಮಾನನು ಸಾಲಗಾರನಾಗಿ, ಪ್ರತಿನಿಧಿಯು ಸಾವಕಾರನಾದೊಡನೆ ಮನಸ್ಸಿನ ತಕ್ಕಡಿ ವಾಲುತ್ತದೆ. ಪಟ್ಟಿಯನ್ನು ಓದದೆ ಮಡಿಚಿ ಕಿಸೆಯಲ್ಲಿಟ್ಟುಕೊಳ್ಳುವ ಅಭ್ಯಾಸಕ್ಕೆ ಮೂಲ ಇಲ್ಲಿಯೇ ಇದೆ.

ಈ ವಿಷಯದಲ್ಲಿ ಕಾಯಿದೆಯ ನಿಲುವನ್ನು ಎರಡೂ ಕಡೆಯಿಂದ ನೋಡಬೇಕು. ಒಬ್ಬನು ಸಾವಿರ ಅಂಡಿಗೆ ಹತ್ತಿಯನ್ನು ಇನ್ನೊಬ್ಬನಿಗೆ ಕಳುಹಿಸುತ್ತಾನೆ. ಆ ಹತ್ತಿಯ ಮೇಲೆ ಮೊದಲೇ ಮುಂಗಡ ಪಡೆದಿರುತ್ತಾನೆ. ಮಾರಿದ ಹಣದಿಂದ ಮುಂಗಡವನ್ನು ತೀರಿಸಿಕೊಳ್ಳಲು ಹೇಳಿರುತ್ತಾನೆ. ಇಂತಹ ಅಧಿಕಾರವನ್ನು ಅವನು ಮನ ಬಂದಂತೆ ಹಿಂತೆಗೆದುಕೊಳ್ಳಲಾರನು. ಅವನು ಸತ್ತರೂ ಅದು ಕೊನೆಗೊಳ್ಳದು. ಇದು 202ನೆಯ ಕಲಮು. ತನಗೆ ಬರಬೇಕಾದ ದಲಾಲಿ, ಖರ್ಚುಗಳು ಸಲ್ಲುವವರೆಗೆ ಯಜಮಾನನ ಮಾಲನ್ನು ತಡೆಹಿಡಿಯುವ ಹಕ್ಕೂ 221ನೆಯ ಕಲಮಿನಂತೆ ಪ್ರತಿನಿಧಿಗಿದೆ. ಯಜಮಾನನ ಕೆಲಸವನ್ನು ನ್ಯಾಯವಾಗಿ ಮಾಡುವಾಗ ಪ್ರತಿನಿಧಿಗೆ ಆದ ಹಾನಿಯನ್ನು ಯಜಮಾನನು ತುಂಬಿಕೊಡಬೇಕು. ಪ್ರಾಮಾಣಿಕ ಅಡತಿ ವ್ಯಾಪಾರಿಗೆ ಕಾನೂನಿನ ರಕ್ಷಣೆಯು ಹೀಗೆ ಸಾಕಷ್ಟಿದೆ.

ಆದರೆ ಮುಂಗಡ ಕೊಟ್ಟವನಿಗೆ ಲೆಕ್ಕ ಕೊಡುವ ಹೊಣೆ ತಪ್ಪಿತೆಂದು ಕಾಯಿದೆಯ ಯಾವ ಕಲಮೂ ಹೇಳುವುದಿಲ್ಲ. ಸಾಲವು ಒಂದು ಸಂಬಂಧ, ಪ್ರತಿನಿಧಿತ್ವವು ಇನ್ನೊಂದು. ಹತ್ತು ಸಾವಿರ ರೂಪಾಯಿ ಸಾಲವಿದ್ದರೆ ತೀರಿಸಬೇಕಾದುದು ಹತ್ತು ಸಾವಿರ ಮತ್ತು ಒಪ್ಪಿದ ಬಡ್ಡಿ. ಅದಕ್ಕಾಗಿ ದರದಲ್ಲಿ, ತೂಕದಲ್ಲಿ, ಹಮಾಲಿಯಲ್ಲಿ ಮೌನದ ತೆರಿಗೆಯನ್ನು ತೆರಬೇಕಾಗಿಲ್ಲ.

ಹೊರಗಿನವನು ಕಂಡದ್ದೇ ಪ್ರಮಾಣ

ಇಲ್ಲಿಯವರೆಗೆ ಯಜಮಾನ ಮತ್ತು ಪ್ರತಿನಿಧಿಯರ ಒಳಸಂಬಂಧವನ್ನು ನೋಡಿದೆವು. ಇನ್ನು ಅವರೊಡನೆ ವ್ಯವಹರಿಸುವ ಮೂರನೆಯವನ ಕಡೆಗೆ ತಿರುಗೋಣ. ಮಾಲನ್ನು ಇಂಥ ದರಕ್ಕಿಂತ ಕಡಿಮೆಗೆ ಮಾರಕೂಡದೆಂದು ಯಜಮಾನನು ಪ್ರತಿನಿಧಿಗೆ ಗುಟ್ಟಾಗಿ ಹೇಳಿರುತ್ತಾನೆ. ಗಿರಾಕಿಗೆ ಅದು ತಿಳಿಯದು. ಪ್ರತಿನಿಧಿಯು ಕಡಿಮೆ ದರಕ್ಕೆ ಕೊಟ್ಟರೂ ಆ ಮಾರಾಟಕ್ಕೆ ಯಜಮಾನನು ಬದ್ಧನೆಂದು 237ನೆಯ ಕಲಮು ಹೇಳುತ್ತದೆ. ಒಳಗಿನ ಕಟ್ಟಳೆಯು ಹೊರಗಿನವನನ್ನು ಕಟ್ಟಲಾರದು. ಯಜಮಾನನು ತನ್ನ ನಷ್ಟವನ್ನು ಪ್ರತಿನಿಧಿಯಿಂದ ಕೇಳಬೇಕಲ್ಲದೆ ಗಿರಾಕಿಯಿಂದಲ್ಲ. ಪ್ರತಿನಿಧಿಯು ತನ್ನ ಅಧಿಕಾರದ ವ್ಯಾಪ್ತಿಯಲ್ಲಿ ಮಾಡಿದ ಮೋಸಕ್ಕೂ, ಆಡಿದ ಸುಳ್ಳಿಗೂ ಯಜಮಾನನು ತಾನೇ ಮಾಡಿದಂತೆ ಹೊಣೆಯಾಗುತ್ತಾನೆ.

ನೇಮಿಸಿದವನನ್ನು ತೆಗೆದುಹಾಕುವಾಗ ಅಪಾಯವು ಇನ್ನೂ ಹೆಚ್ಚು. ಮದರಾಸಿನ ಯಜಮಾನನೊಬ್ಬನು ಮುಂಬಯಿಯಲ್ಲಿರುವ ತನ್ನ ಹತ್ತಿಯನ್ನು ಮಾರಲು ಪ್ರತಿನಿಧಿಗೆ ಪತ್ರ ಬರೆಯುತ್ತಾನೆ. ಅನಂತರ ಮತ್ತೊಂದು ಪತ್ರದಿಂದ ಆ ಅಧಿಕಾರವನ್ನು ಹಿಂತೆಗೆದುಕೊಳ್ಳುತ್ತಾನೆ. ಎರಡನೆಯ ಪತ್ರ ತಲುಪಿದ ಮೇಲೂ ಪ್ರತಿನಿಧಿಯು ಹತ್ತಿಯನ್ನು ಮಾರುತ್ತಾನೆ. ಮೊದಲನೆಯ ಪತ್ರವನ್ನು ಬಲ್ಲ, ಎರಡನೆಯದನ್ನು ಅರಿಯದ ಗಿರಾಕಿಯು ಹಣ ಕೊಡುತ್ತಾನೆ. ಪ್ರತಿನಿಧಿಯು ಹಣದೊಡನೆ ಪರಾರಿಯಾಗುತ್ತಾನೆ. 208ನೆಯ ಕಲಮಿನ ಈ ದೃಷ್ಟಾಂತದಲ್ಲಿ ಗಿರಾಕಿಯು ಕೊಟ್ಟ ಹಣ ಸಂದಾಯವಾದಂತೆಯೇ, ನಷ್ಟ ಯಜಮಾನನದು. ಹತ್ತು ವರ್ಷ ಹೈದರಾಬಾದಿನ ಅಂಗಡಿಗಳಿಂದ ಚಾದರಿನ ವಸೂಲಿ ತಂದ ಮನುಷ್ಯನನ್ನು ಕೆಲಸದಿಂದ ಬಿಡಿಸಿ, ಅಂಗಡಿಕಾರರಿಗೆ ತಿಳಿಸದೆ ಸುಮ್ಮನಿರುವ ಕಾರಖಾನೆಯವನು ಇದೇ ಬಲೆಗೆ ಬೀಳುತ್ತಾನೆ.

ಪಾಲುದಾರಿಕೆಯ ವ್ಯಾಪಾರಗಳಿಗೂ ಈ ತತ್ತ್ವವೇ ಆಧಾರ. 1932ರ ಪಾಲುದಾರಿಕೆ ಕಾಯಿದೆಯಂತೆ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಪ್ರತಿನಿಧಿ. ಒಬ್ಬನು ಪಾಲು ಬಿಟ್ಟು ಹೊರಬಂದರೂ ಸಾರ್ವಜನಿಕ ಪ್ರಕಟಣೆಯಾಗುವವರೆಗೆ ಮೂರನೆಯವರಿಗೆ ಅವನ ಹೊಣೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಮನೆಯೊಳಗೆ ಹಿರಿಯರ ಸಮಕ್ಷಮದಲ್ಲಿ ವಾಟಣಿಯಾದರೆ ಸಾಲದು. ಬಾಜಾರಿಗೂ ಅದು ತಿಳಿಯಬೇಕು. ಹಾಗೆಯೇ ಸಂಸ್ಥೆಯ ಪರವಾಗಿ ಚೆಕ್ಕಿಗೋ ಹುಂಡಿಗೋ ಸಹಿ ಮಾಡುವಾಗ ‘ಇಂಥವರ ಪರವಾಗಿ’ ಎಂದು ಬರೆಯದೆ ಬರಿಯ ತನ್ನ ಹೆಸರನ್ನು ಬರೆದವನು ಸ್ವಂತಕ್ಕೆ ಹೊಣೆಗಾರನಾಗಬಹುದು.

ಪ್ರತಿನಿಧಿಯೇ ಯಜಮಾನನಾದಾಗ: ಸೊಲ್ಲಾಪುರದ ಗಿರಣಿಯ ಕಥೆ

ಲೆಕ್ಕ ಕೇಳುವ ಪದ್ಧತಿ ಸಡಿಲಾದರೆ ಏನಾಗಬಹುದೆಂಬುದಕ್ಕೆ ನಮ್ಮ ಊರಿನ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1877ರ ಸುಮಾರಿಗೆ ಪ್ರಾರಂಭವಾದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯನ್ನು ಜನರು ಇಂದಿಗೂ ಜುನಿ ಗಿರಣಿ ಎಂದೇ ಕರೆಯುತ್ತಾರೆ. ಆ ಕಾಲದ ಬಹಳಷ್ಟು ಗಿರಣಿಗಳಂತೆ ಅದರ ಆಡಳಿತವೂ ಮ್ಯಾನೇಜಿಂಗ್ ಏಜೆಂಟರ ಕೈಯಲ್ಲಿತ್ತು. ಈ ಪದ್ಧತಿಯಲ್ಲಿ ಕಂಪನಿಯು ಯಜಮಾನ, ಏಜೆಂಟ್ ಸಂಸ್ಥೆಯು ಅದರ ಪ್ರತಿನಿಧಿ. ಆದರೆ ವಸ್ತುತಃ ಹತ್ತಿ ಕೊಳ್ಳುವುದರಿಂದ ಹಿಡಿದು ಬಟ್ಟೆ ಮಾರುವವರೆಗೆ ಸರ್ವಾಧಿಕಾರವೂ ಏಜೆಂಟರದಾಗಿರುತ್ತಿತ್ತು. ನಿಜವಾದ ಯಜಮಾನರಾದ ಷೇರುದಾರರು ದೂರದೂರುಗಳಲ್ಲಿ ಚೆದುರಿದ್ದರು.

1949ರ ಆಗಸ್ಟ್ ತಿಂಗಳಲ್ಲಿ ಗಿರಣಿ ಮುಚ್ಚಿತು. ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಭಾರತ ಸರಕಾರವು 1950ರ ಜನವರಿಯಲ್ಲಿ ಈ ಒಂದೇ ಕಂಪನಿಗಾಗಿ ಒಂದು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಸಂಸತ್ತು ಅದನ್ನು ಕಾಯಿದೆಯಾಗಿ ಮಾಡಿತು. ದುರಾಡಳಿತ ಮತ್ತು ನಿರ್ಲಕ್ಷ್ಯದಿಂದಾಗಿ ಅವಶ್ಯಕ ವಸ್ತುವಿನ ಉತ್ಪಾದನೆಗೆ ಧಕ್ಕೆಯಾಯಿತು, ನಿರುದ್ಯೋಗ ಉಂಟಾಯಿತು ಎಂದು ಕಾಯಿದೆಯ ಪೀಠಿಕೆಯಲ್ಲಿಯೇ ಹೇಳಲಾಗಿತ್ತು. ಮ್ಯಾನೇಜಿಂಗ್ ಏಜೆಂಟರ ಕರಾರು ರದ್ದಾಯಿತು. ನಿರ್ದೇಶಕರ ಸ್ಥಾನಕ್ಕೆ ಸರಕಾರವು ನೇಮಿಸಿದವರು ಬಂದರು.

ಇದನ್ನು ಪ್ರಶ್ನಿಸಿ ಷೇರುದಾರರೊಬ್ಬರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದೇ ಚಿರಂಜಿತ್‌ಲಾಲ್ ಚೌಧುರಿ ಪ್ರಕರಣ. 1950ರ ಡಿಸೆಂಬರಿನಲ್ಲಿ ನ್ಯಾಯಾಲಯವು ಬಹುಮತದಿಂದ ಅರ್ಜಿಯನ್ನು ತಳ್ಳಿಹಾಕಿತು. ಒಂದೇ ಕಂಪನಿಗಾಗಿ ಮಾಡಿದ ಕಾನೂನು ಸಮಾನತೆಗೆ ವಿರುದ್ಧವೇ ಎಂಬ ಪ್ರಶ್ನೆಗೆ ಈ ತೀರ್ಪನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ಮುಂದೆ ದ್ವಾರಕಾದಾಸ ಶ್ರೀನಿವಾಸ ಎಂಬ ಇನ್ನೊಬ್ಬ ಷೇರುದಾರರು ಹೂಡಿದ ದಾವೆಯಲ್ಲಿ, 1953ರ ಡಿಸೆಂಬರಿನಲ್ಲಿ, ಪರಿಹಾರ ಕೊಡದೆ ಆಸ್ತಿಯನ್ನು ಕಸಿದುಕೊಂಡಂತಾಯಿತೆಂದು ಅದೇ ನ್ಯಾಯಾಲಯವು ಆ ಕಾಯಿದೆಯನ್ನು ಅಸಿಂಧುವೆಂದು ಸಾರಿತು. 1955ರ ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ಹಿನ್ನೆಲೆಯಲ್ಲಿ ಈ ತೀರ್ಪೂ ಇದೆ. ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಗೆ 1956ರ ಕಂಪನಿ ಕಾಯಿದೆಯು ಕಡಿವಾಣ ಹಾಕಿತು. 1970ರ ಏಪ್ರಿಲ್ 3ರಿಂದ ಅದು ದೇಶದಲ್ಲಿ ಸಂಪೂರ್ಣವಾಗಿ ರದ್ದಾಯಿತು.

ಸಂವಿಧಾನದ ಪ್ರಶ್ನೆಗಳನ್ನು ಬದಿಗಿಟ್ಟು ನೋಡಿದರೂ ಈ ಕಥೆಯಲ್ಲಿ ಸಾಮಾನ್ಯನಿಗೆ ಒಂದು ಪಾಠವಿದೆ. ಷೇರುದಾರರಿಗೆ ಕಾಗದದ ಮೇಲೆ ಎಲ್ಲ ಹಕ್ಕುಗಳೂ ಇದ್ದವು. ಲೆಕ್ಕ ಕೇಳುವ ಶಕ್ತಿಯಿಲ್ಲದೆ ಚೆದುರಿದ ಯಜಮಾನನಿಗೆ ಕಾಗದದ ಹಕ್ಕು ಆಸರೆಯಾಗದು. ಊರಿನ ಅತಿ ದೊಡ್ಡ ಗಿರಣಿಯ ವಿಷಯದಲ್ಲಿ ನಿಜವಾದ ಈ ಮಾತು ಹತ್ತು ಚೀಲ ಉಳ್ಳಾಗಡ್ಡಿಯ ವಿಷಯದಲ್ಲಿಯೂ ನಿಜ.

ಮುಖತ್ಯಾರ ಪತ್ರ

ಹೊಲಮನೆಗಳ ವ್ಯವಹಾರದಲ್ಲಿ ಪ್ರತಿನಿಧಿತ್ವವು ಸಾಮಾನ್ಯವಾಗಿ ಮುಖತ್ಯಾರ ಪತ್ರದ ರೂಪವನ್ನು ತಾಳುತ್ತದೆ. ಒಂದೇ ಕೆಲಸಕ್ಕೆ ಬರೆದುಕೊಡುವುದು ವಿಶೇಷ ಮುಖತ್ಯಾರ. ಎಲ್ಲ ಕೆಲಸಕ್ಕೂ ಕೊಡುವುದು ಕುಲಮುಖತ್ಯಾರ. ಬೆಳೆಯ ಲೆಕ್ಕ ನೋಡಿಕೊಳ್ಳಲೆಂದು ಕೊಡುವ ಪತ್ರದಲ್ಲಿ ಮಾರುವ, ಒತ್ತೆಯಿಡುವ ಅಧಿಕಾರದ ಸಾಲುಗಳು ಸೇರಿಕೊಂಡಿದ್ದರೆ, ಆ ಸಾಲುಗಳೂ ತಮ್ಮ ಕೆಲಸ ಮಾಡುತ್ತವೆ. ನಮ್ಮ ಸೀಮೆಯಲ್ಲಿ ಇಂತಹ ಪತ್ರಗಳು ಮರಾಠಿಯಲ್ಲಿರುತ್ತವೆ; ಮನೆಯ ಹಿರಿಯರು, ವಿಶೇಷವಾಗಿ ತಾಯಂದಿರು, ಕನ್ನಡ ಮಾತ್ರ ಓದಬಲ್ಲವರಾಗಿರುತ್ತಾರೆ. ಅಂಥವರಿಗೆ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ವಿವರಿಸದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ತೆಗೆದುಕೊಳ್ಳಬಾರದು. ಎರಡು ಭಾಷೆ ಬಲ್ಲ ಮಕ್ಕಳು ಮನೆಗೆ ಮಾಡಬಹುದಾದ ಬಹುದೊಡ್ಡ ಸೇವೆಗಳಲ್ಲಿ ಇದೂ ಒಂದು.

ಮುಖತ್ಯಾರ ಪತ್ರವನ್ನು ಖರೀದಿ ಪತ್ರವೆಂದು ನಂಬಿ ಹಣ ಸುರಿದವರೂ ಇದ್ದಾರೆ. ಅದರಿಂದ ಸ್ಥಿರಾಸ್ತಿಯ ಒಡೆತನವು ವರ್ಗವಾಗುವುದಿಲ್ಲ, ನೋಂದಾಯಿತ ಮಾರಾಟ ಪತ್ರವೇ ಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಪ್ರತಿನಿಧಿಯ ಅಧಿಕಾರವು ಕೆಲಸ ಮುಗಿದಾಗ, ಯಜಮಾನನು ಹಿಂತೆಗೆದುಕೊಂಡಾಗ, ಪ್ರತಿನಿಧಿಯು ತಾನೇ ಬಿಟ್ಟಾಗ, ಇಬ್ಬರಲ್ಲೊಬ್ಬರು ತೀರಿಕೊಂಡಾಗ ಅಥವಾ ಬುದ್ಧಿಸ್ವಾಸ್ಥ್ಯ ಕಳೆದುಕೊಂಡಾಗ ಕೊನೆಗೊಳ್ಳುತ್ತದೆ. ತ್ಯಜಿಸುವಾಗಲೂ ತೆಗೆಯುವಾಗಲೂ ಯೋಗ್ಯ ಮುನ್ಸೂಚನೆ ಕೊಡಬೇಕು. ಯಜಮಾನನು ತೀರಿಕೊಂಡರೆ, ಒಪ್ಪಿಸಿದ ಆಸ್ತಿಯನ್ನು ವಾರಸುದಾರರ ಹಿತಕ್ಕಾಗಿ ಕಾಪಾಡುವುದು ಪ್ರತಿನಿಧಿಯ ಕರ್ತವ್ಯ. ಗಂಡನು ತೀರಿದ ಮೇಲೆ ಅವನ ಅಡತಿ ಖಾತೆಯಲ್ಲಿ ಏನು ಉಳಿದಿದೆಯೆಂದು ಕೇಳುವ ಹಕ್ಕು ಹೆಂಡತಿ ಮಕ್ಕಳಿಗಿದೆ.

ನೆನಪಿಡಬೇಕಾದ ಮಾತುಗಳು

1. ಅಧಿಕಾರವನ್ನು ಬರೆದು ಕೊಡಿರಿ. ಯಾವ ಕೆಲಸಕ್ಕೆ, ಎಷ್ಟು ಮೊತ್ತದವರೆಗೆ, ಎಷ್ಟು ಕಾಲದವರೆಗೆ ಎಂಬುದನ್ನು ಕಾಣಿಸಿರಿ.

2. ಪಟ್ಟಿಯನ್ನು ಅಂಗಡಿಯಲ್ಲಿಯೇ ಓದಿರಿ. ತೂಕ, ದರ, ಖರೀದಿದಾರನ ಹೆಸರು, ಕಳೆದ ಖರ್ಚು, ಈ ನಾಲ್ಕೂ ಸ್ಪಷ್ಟವಾಗಿರಲಿ. ಪಟ್ಟಿಗಳನ್ನು ಜೋಪಾನವಾಗಿಡಿರಿ.

3. ಮುಂಗಡದ ಲೆಕ್ಕವನ್ನೂ ಮಾರಾಟದ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆಸಿರಿ.

4. ಪ್ರತಿನಿಧಿಯನ್ನು ಬದಲಿಸಿದರೆ ಅವನಿಗಷ್ಟೇ ಅಲ್ಲ, ಗಿರಾಕಿಗಳಿಗೂ ಲಿಖಿತವಾಗಿ ತಿಳಿಸಿರಿ.

5. ಲೆಕ್ಕ ಸಿಗದಿದ್ದರೆ ತಾರೀಖು ಹಾಕಿ ಲಿಖಿತವಾಗಿ ಕೇಳಿರಿ. ಪ್ರತಿನಿಧಿಯು ಲೆಕ್ಕ ಕೊಡದ ಹಣ ಅಥವಾ ಚರಾಸ್ತಿಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯಲ್ಲಿ ಮೂರು ವರ್ಷಗಳ ಅವಧಿಯಿದೆ. ಲೆಕ್ಕ ಕೇಳಿ, ಅದನ್ನು ನಿರಾಕರಿಸಿದ ದಿನದಿಂದ ಆ ಅವಧಿ ಓಡತೊಡಗುತ್ತದೆ. ಕೇಳಿಯೇ ಇರದಿದ್ದರೆ ಪ್ರತಿನಿಧಿತ್ವ ಮುಗಿದ ದಿನದಿಂದ.

6. ಪ್ರತಿನಿಧಿಗಳಾದವರು ಯಜಮಾನನ ಹಣವನ್ನು ತಮ್ಮ ಹಣದೊಡನೆ ಬೆರೆಸದೆ, ಕೇಳುವ ಮೊದಲೇ ಲೆಕ್ಕ ಒಪ್ಪಿಸಿರಿ. ಬಾಜಾರಿನಲ್ಲಿ ಅದಕ್ಕಿಂತ ದೊಡ್ಡ ಬಂಡವಾಳವಿಲ್ಲ.

ನಮ್ಮಲ್ಲಿ ಲೆಕ್ಕ ಕೇಳುವುದನ್ನು ಅವಿಶ್ವಾಸವೆಂದು ಭಾವಿಸುವವರು ಇನ್ನೂ ಇದ್ದಾರೆ. ‘ಅಷ್ಟೂ ನಂಬಿಕೆಯಿಲ್ಲವೇ?’ ಎಂಬ ಒಂದು ಮಾತಿಗೆ ಅಂಜಿ ಎಷ್ಟೋ ಜನರು ಜನ್ಮವಿಡೀ ಬಾಯಿಮುಚ್ಚಿಕೊಂಡಿರುತ್ತಾರೆ. ಕಾಯಿದೆಯು ಈ ಮಾತನ್ನು ತಲೆಕೆಳಗು ಮಾಡುತ್ತದೆ. ನಂಬಿ ಒಪ್ಪಿಸಿದ್ದರಿಂದಲೇ ಲೆಕ್ಕ ಕೇಳುವ ಹಕ್ಕು ಹುಟ್ಟಿತು. ನಂಬಿಕೆಗೆ ಪಾತ್ರನಾದುದರಿಂದಲೇ ಲೆಕ್ಕ ಕೊಡುವ ಹೊಣೆ ಹುಟ್ಟಿತು. ಐವತ್ತು ವರ್ಷಗಳಿಂದ ಈ ಸೀಮೆಯ ಮಕ್ಕಳಿಗೆ ಓದು, ಬರಹ, ಲೆಕ್ಕಗಳನ್ನು ಕಲಿಸಿದ ಶಾಲೆಯ ಉತ್ಸವದಲ್ಲಿ, ಆ ಓದನ್ನು ಪಟ್ಟಿಯ ಮೇಲೂ, ಆ ಲೆಕ್ಕವನ್ನು ಬಾಜಾರಿನಲ್ಲೂ ಬಳಸುವ ಧೈರ್ಯವು ಎಲ್ಲರಿಗೂ ಬರಲಿ ಎಂದು ಹಾರೈಸುತ್ತೇನೆ.